ಗಾದಿಯ ಮೇಲಿನ ಕುಣಿ

ನಾನು ಸಾಲಿ ಬಿಟ್ಟದ್ದು ೧೯೪೪ರಲ್ಲಿ, ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ. ಅಪ್ಪನ ಎದೆಯಲ್ಲಿ ಹತ್ತಿಯ ಧೂಳು ಕೂತು ಕೆಮ್ಮು ಹಿಡಿದಿತ್ತು. ಹತ್ತಿ ಹಿಂಜುವ ಬಿಲ್ಲು ನನ್ನ ಕೈಗೆ ಬಂತು. ಅಂದಿನಿಂದ ಮುದ್ದೇಬಿಹಾಳದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವುದೇ ನನ್ನ ಕಸುಬು. ಅಕ್ಷರ ಕಡಿಮೆಯಾದರೂ ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ನಾನು ಹೊಲಿದ ಗಾದಿಯ ಮೇಲೆ ತುಂಬಿದ ಚರಿಗೆ ಇಟ್ಟರೆ ಹನಿ ನೀರು ತುಳುಕುತ್ತಿರಲಿಲ್ಲ.

ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನನಗೆ ನಗು. ದುಡಿಯುವವನಿಗೆ ಅಂಥದ್ದು ಕಾಣುವುದಿಲ್ಲ, ಕೂತು ಉಣ್ಣುವವರಿಗೆ ಕಾಣುತ್ತದೆ ಎಂದು ಮುಖದ ಮೇಲೆಯೇ ಹೇಳುತ್ತಿದ್ದೆ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ.

ನನ್ನ ಹೆಂಡತಿ ಇಮಾಂಬಿಯ ತವರು ಇಂಡಿ. ಮದುವೆಯಾದ ವರ್ಷ ಅಲ್ಲಿಂದ ಬುಟ್ಟಿಯಲ್ಲಿ ಎರಡು ಬೆಕ್ಕಿನ ಮರಿ ತಂದಳು. ಬಿಳಿಯದು ಸಕ್ರಿ, ಬೂದು ಬಣ್ಣದ್ದು ಬೂದವ್ವ. ನಮಗೆ ಮಕ್ಕಳಾಗಲಿಲ್ಲ. ಅವೆರಡೇ ಮನೆ ತುಂಬ ಓಡಾಡಿದವು, ಹಿಂಜಿದ ಹತ್ತಿಯ ಮೇಲೆ ಹೊರಳಾಡಿದವು, ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಕಣ್ಣ ಮುಂದೆಯೇ ಮುದುಕಿಯರಾದವು. ಸಕ್ರಿ ಒಂದು ಬೇಸಿಗೆಯಲ್ಲಿ ಇಮಾಂಬಿಯ ತೊಡೆಯ ಮೇಲೆ ಸತ್ತಿತು. ಹಿತ್ತಲ ನಿಂಬೆಯ ಗಿಡದ ಬುಡದಲ್ಲಿ ಅವಳು ಅದನ್ನು ಹುಗಿದು ಎರಡು ದಿನ ರೊಟ್ಟಿ ಮುಟ್ಟಲಿಲ್ಲ. "ಬೆಕ್ಕಿಗೂ ಸೂತಕಾ ಹಿಡೀತಿಯೇನು?" ಎಂದು ನಾನು ನಕ್ಕೆ.

ಬೂದವ್ವ ಉಳಿಯಿತು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಹಲ್ಲು ಬಿದ್ದಿದ್ದವು. ಇಮಾಂಬಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುತ್ತಿದ್ದಳು.

ಮರುವರ್ಷ ಬಸವನ ಬಾಗೇವಾಡಿಯ ಒಬ್ಬ ಮಾಸ್ತರರು ಮಗಳ ಮದುವೆಗೆ ಗಾದಿ ಮಾಡಲು ತಮ್ಮ ಹೊಲದ ಹತ್ತಿಯನ್ನೇ ಕಳಿಸಿದ್ದರು. ಹಾಲಿನಂಥ ಹತ್ತಿ. ಇಮಾಂಬಿ ತವರಿಗೆ ಹೋಗಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಬೂದವ್ವ ಆ ರಾಶಿಯ ಮೇಲೆ ಮಲಗಿದೆ, ಅಡಿಯ ಹತ್ತಿ ಒದ್ದೆಯಾಗಿದೆ. ಮುಪ್ಪಿನಲ್ಲಿ ಅದಕ್ಕೆ ತಡೆಯಲಾಗುತ್ತಿರಲಿಲ್ಲ, ಅಷ್ಟೇ. ನನಗೆ ತಲೆ ಕೆಟ್ಟುಹೋಯಿತು. ನನ್ನ ಗಾದಿಗೆ ಬೆಕ್ಕಿನ ನಾತವೇ?

ಬೆಕ್ಕನ್ನು ಚೀಲದಲ್ಲಿ ಹಾಕಿ, ಚೀಲವನ್ನು ಮೂರು ಸಲ ತಿರುಗಿಸಿ ಹೊಳೆ ದಾಟಿಸಿಬಿಟ್ಟರೆ ಅದಕ್ಕೆ ಮನೆಯ ದಿಕ್ಕು ತಪ್ಪುತ್ತದೆಂದು ನಮ್ಮ ಕಡೆ ಹೇಳುತ್ತಾರೆ. ಹೊಳೆದಂಡೆಯ ತಂಗಡಗಿಗೆ ಹೋಗಿ ಹಾಗೇ ಮಾಡಿದೆ. ಕೂಗುತ್ತದೆ, ಪರಚುತ್ತದೆ ಎಂದುಕೊಂಡಿದ್ದೆ. ಹರಗೋಲಿನಲ್ಲಿ ಕೂತಾಗ ಅದು ಚೀಲದೊಳಗೆ, ನನ್ನ ತೊಡೆಯ ಮೇಲೆ, ಗುರ್ ಗುರ್ ಎನ್ನುತ್ತ ಮಲಗಿತ್ತು. ಆಚೆ ದಂಡೆಯಲ್ಲಿ ಚೀಲ ಬಿಚ್ಚಿ, ಹಿಂತಿರುಗಿ ನೋಡದೆ ಬಂದೆ.

ಇಮಾಂಬಿ ಬಂದು ಕೇಳಿದಾಗ, "ಸಾಯಾಕ ಎಲ್ಲೋ ಹೋಗಿರಬೇಕು. ಬೆಕ್ಕು ಮನ್ಯಾಗ ಸಾಯೂದಿಲ್ಲ" ಎಂದೆ.

"ಸಕ್ರಿ ನನ್ನ ತೊಡಿ ಮ್ಯಾಲೇ ಸತ್ತಳಲ್ರಿ?" ಎಂದಳು. ನಾನು ಬಿಲ್ಲು ಎತ್ತಿಕೊಂಡೆ. ಬಿಲ್ಲಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅವಳು ದಿನಾ ಹಾಲಿನ ಬಟ್ಟಲನ್ನು ಬಾಗಿಲಲ್ಲಿ ಇಡುತ್ತಿದ್ದಳು.

ಒದ್ದೆಯಾದ ಹತ್ತಿಯನ್ನೆಲ್ಲ ತೆಗೆದು ಹೊರಗೆ ಚೆಲ್ಲಿ, ನನ್ನದೇ ಹತ್ತಿ ಸೇರಿಸಿ ಗಾದಿ ಹೊಲಿದು ಬಾಗೇವಾಡಿಗೆ ಮುಟ್ಟಿಸಿದೆ. ನಾಲ್ಕು ದಿನಕ್ಕೆ ಮಾಸ್ತರರ ಕರೆ ಬಂತು. ಬಿಲ್ಲು ಹೊತ್ತು ಹೋದರೆ ಅಂಗಳದಲ್ಲೇ ಶುರು ಮಾಡಿದರು: "ಏನಪಾ, ನಾ ಗಾದಿ ಹೊಲಿ ಅಂದ್ರ ನೀ ಕೆರೀನ ಕಡಿಸಿಯಲ್ಲೋ!"

ಒಳಕೋಣೆಯಲ್ಲಿ ಗಾದಿ ಹಾಸಿತ್ತು. ಕಾಲ್ದೆಸೆಯ ಮೂಲೆಯಲ್ಲಿ ಹರಿವಾಣದಷ್ಟು ಅಗಲದ, ದುಂಡನೆಯ ತಗ್ಗು, ಕುಣಿ. ಕೈಯಿಟ್ಟೆ. ಬೆಚ್ಚಗಿತ್ತು. ಆ ಕೋಣೆಗೆ ಕಿಟಕಿಯೂ ಇರಲಿಲ್ಲ, ಬಿಸಿಲೂ ಬೀಳುತ್ತಿರಲಿಲ್ಲ.

ಮಾಸ್ತರರ ಮುದಿ ತಾಯಿ ಬಾಗಿಲಿಗೆ ಆತು ನಿಂತಿದ್ದರು. "ಬೆಕ್ಕು ಮಲಗಿದ ಕುಣಿ ಅದು. ನಾ ಬೆಕ್ಕ ಸಾಕಿದಾಕಿ, ನನಗ ಗೊತ್ತಾಗೂದಿಲ್ಲೇನು? ನಮ್ಮಲ್ಲೆ ಅಂತೂ ಬೆಕ್ಕಿಲ್ಲ. ನಿಮ್ಮ ಮನ್ಯಾಗ ಅದ ಏನು?"

"ಇಲ್ಲ್ರಿ ಆಯಿ. ನಮ್ಮ ಮನ್ಯಾಗ ಬೆಕ್ಕಿಲ್ಲ" ಎಂದೆ. ಮಾತು ಖರೆಯೇ. ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ.

ಅಂಗಳದಲ್ಲಿ ಕೂತು ಗಾದಿ ಬಿಚ್ಚಿ, ಹತ್ತಿಯನ್ನೆಲ್ಲ ಮತ್ತೆ ಹಿಂಜಿ, ಮತ್ತೆ ಹೊಲಿದೆ. ಅವರ ಎದುರಿಗೇ ತುಂಬಿದ ಚರಿಗೆ ಇಟ್ಟು ತೋರಿಸಿದೆ. ಹನಿ ತುಳುಕಲಿಲ್ಲ. ಗಾದಿಯನ್ನು ಕೋಣೆಯಲ್ಲಿ ಹಾಸಿ, ಮಾಸ್ತರರು ಬಾಗಿಲಿಗೆ ಚಿಲಕ ಹಾಕಿದರು. ಕಟ್ಟೆಯ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿದೆ. ಎದ್ದು ಬರುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಅವರೇ ಚಿಲಕ ತೆಗೆದರು.

ಅದೇ ಮೂಲೆ, ಅಷ್ಟೇ ಅಗಲದ ಕುಣಿ. ಈ ಸಲ ಅವರೂ ಕೈಯಿಟ್ಟು, ಸುಟ್ಟುಕೊಂಡವರಂತೆ ಹಿಂದಕ್ಕೆ ತೆಗೆದರು. ಹುಡುಕಿದರೆ ಒಂದು ಕೂದಲೂ ಸಿಗಲಿಲ್ಲ.

ಆಗ ನಾನು ಆಡಿದ ಮಾತು ಇವತ್ತಿಗೂ ಚುಚ್ಚುತ್ತದೆ. "ನಿಮ್ಮ ಹತ್ತೀನ ಸರಿ ಇಲ್ಲ್ರಿ" ಎಂದೆ. ಹಾಲಿನಂಥ ಹತ್ತಿಗೆ ಕೆಟ್ಟ ಹೆಸರಿಟ್ಟೆ. ಬೇರೆ ಗಾದಿ ಮಾಡಿಕೊಡುತ್ತೇನೆಂದು ಇದನ್ನು ಮೋಟಾರು ಬಸ್ಸಿನ ಮೇಲೆ ಹೇರಿಕೊಂಡು ಊರಿಗೆ ಬಂದೆ. ಮದುವೆಗೆ ಮೊದಲು ನನ್ನ ಹತ್ತಿಯಲ್ಲಿ ಮಾಡಿಕೊಟ್ಟೆ ಕೂಡ. ಆ ಗಾದಿಗೆ ಏನೂ ಆಗಲಿಲ್ಲ.

ಮನೆಗೆ ಬಂದು ಸುರುಳಿ ಬಿಚ್ಚಿ ಹಾಸಿದಾಗ ಕುಣಿ ಹಾಗೇ ಇತ್ತು. ಇಮಾಂಬಿ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದಳು. ನಾನು ಏನೂ ಹೇಳಿರಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿ ಆ ಕುಣಿಯಲ್ಲಿ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಎಲ್ಲಿ ಬಿಟ್ಟು ಬಂದ್ರಿ?" ಎಂದಳು.

ಹೇಳಿದೆ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹಾಲಿನ ಬಟ್ಟಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು.

ಮರುದಿನ ಇಬ್ಬರೂ ತಂಗಡಗಿಗೆ ಹೋದೆವು. ಹೊಳೆ ದಾಟಿ, ಸಂಜೆಯ ತನಕ ದಂಡೆಯ ಗಿಡಗಂಟಿಯಲ್ಲೆಲ್ಲ ಕೂಗುತ್ತ ತಿರುಗಿದೆವು. ಬೂದವ್ವಾ, ಬೂದವ್ವಾ ಎಂದು ಊರ ಜನ ನೋಡುವಂತೆ ನಾನೂ ಕೂಗಿದೆ. ಮರಳಲು ದಂಡೆಗೆ ಬಂದಾಗ ಅಂಬಿಗ ಹೇಳಿದ: "ಬೂದಬಣ್ಣದ ಮುದುಕಿ ಏನ್ರಿ? ಇಲ್ಲೇ ಆ ಬಂಡೆಗಲ್ಲ ಮ್ಯಾಲ ಕುಂದರ್ತಿತ್ತು, ನಿಮ್ಮ ಕಡೀ ದಂಡಿಗೆ ಮಾರಿ ಮಾಡಿ. ಮೀನಾ ಒಗದ್ರೂ ಮೂಸ್ಲಿಲ್ಲ ನೋಡ್ರಿ. ಆಮ್ಯಾಲ ಕಾಣಲಿಲ್ಲ."

ಯಾವ ದಿನದಿಂದ ಕಾಣಲಿಲ್ಲ ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ಇಮಾಂಬಿಯೂ ಕೇಳಲಿಲ್ಲ. ಬಟ್ಟಲನ್ನು ಆ ಬಂಡೆಯ ಮೇಲೇ ಬಿಟ್ಟು ಬಂದಳು.

ಇದಾಗಿ ಐದು ವರ್ಷವಾಯಿತು. ಹತ್ತಿಯ ಗುಣ ನನಗೆ ಗೊತ್ತಿದ್ದಷ್ಟು ಈ ತಾಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದವನು ನಾನು. ಒದ್ದೆ ಹತ್ತಿ ಗಂಟು ಕಟ್ಟಿ ಕುಸಿಯುತ್ತದೆ, ನಿಜ. ಆದರೆ ಆ ಹತ್ತಿ ಗಾದಿಯೊಳಗೆ ಇರಲೇ ಇಲ್ಲ. ಬಿಸಿಗಂತೂ ಯಾವ ಕಾರಣವೂ ನನಗೆ ಹೊಳೆಯುತ್ತಿಲ್ಲ. ಹೊಳೆಯಿಂದ ಬಂದ ದಿನದಿಂದ ಆ ಕುಣಿ ಬೆಚ್ಚಗಾಗಿಲ್ಲ, ತುಂಬಿಕೊಂಡೂ ಇಲ್ಲ. ಇಮಾಂಬಿ ನೀರಿಗೆ ಹೋದಾಗ ನಾನು ಕೈಯಿಟ್ಟು ನೋಡುತ್ತೇನೆ. ನಾನು ಹೊರಗೆ ಹೋದಾಗ ಅವಳೂ ನೋಡುತ್ತಾಳೆಂದು ಬಲ್ಲೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಬಿಲ್ಲು, ಅದನ್ನು ಮೀಟುವ ಕೊಡತಿ, ಆರು ದಬ್ಬಣ, ನಾವಿಬ್ಬರು ಮಲಗುವ ಗಾದಿ ಒಂದು, ಯಾರೂ ಮಲಗದ ಗಾದಿ ಒಂದು, ಹಿತ್ತಲಲ್ಲಿ ನಿಂಬೆಯ ಗಿಡ. ಬೆಕ್ಕು ಇಲ್ಲ.