ಗಂಡ ಸೈನ್ಯಕ್ಕೆ, ಹೆಂಡತಿ ಹಲ್ಲಿನ ಡಾಕ್ಟರಲ್ಲಿಗೆ

ಸೌದಿ ಅರೇಬಿಯಾದ ಯಾನ್ಬುವಿನಲ್ಲಿ ವಾರ ಶುರುವಾಗುವುದು ಭಾನುವಾರ. ಮುಂಜಾವಿನ ಫಜ್ರ್ ನಮಾಝ್ ಮುಗಿದು ಇನ್ನೂ ಅರ್ಧ ಗಂಟೆಯಾಗಿಲ್ಲ, ರಿಫೈನರಿಯ ಕಡೆಯ ಆಕಾಶ ಈಗಷ್ಟೇ ಬಿಳುಪೇರುತ್ತಿದೆ. ಕೆಲಸಗಾರರ ಬಸ್ಸುಗಳು ಗೇಟಿನ ಮುಂದೆ ಸಾಲುಗಟ್ಟಿವೆ. ಅವು ಹೊರಡುವ ಮೊದಲೇ ಆಡಳಿತ ಕಚೇರಿಯ ಒಂದು ಕೋಣೆಯಲ್ಲಿ ದೀಪ ಹತ್ತಿದೆ. ಒಳಗೆ ಒಬ್ಬರು ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಾಗಿ, ಏಳು ಹೆಸರುಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಾರೆ. ಒಂದು ಹೆಸರು ಮುಗಿದಾಗ ಬೆರಳು ಕೆಳಗಿನ ಹೆಸರಿಗೆ ಇಳಿಯುತ್ತದೆ. ಏಳೂ ಮುಗಿದ ಮೇಲೆ ಮತ್ತೆ ಮೊದಲಿನಿಂದ.

ಇವರು ಪೊಡಿಯಬ್ಬ. ಊರು ಉಳ್ಳಾಲದ ಹತ್ತಿರ, ವಯಸ್ಸು ಐವತ್ತೆಂಟು. ರಿಫೈನರಿಗಳ ದುರಸ್ತಿ, ನಿರ್ವಹಣೆ ಮಾಡುವ ಗುತ್ತಿಗೆ ಕಂಪನಿಯೊಂದರಲ್ಲಿ ಆರೋಗ್ಯ ವಿಮೆಯ ಗುಮಾಸ್ತರು. ಅವರು ಓದುತ್ತಿರುವ ಏಳು ಮಂದಿ ಅದೇ ಕಂಪನಿಯ ನೌಕರರು. ಆದರೆ ಒಬ್ಬರೂ ಈಗ ಯಾನ್ಬುವಿನಲ್ಲಿಲ್ಲ. ಏಳೂ ಜನ ತಮ್ಮ ತಮ್ಮ ದೇಶದ ಸೈನ್ಯದಲ್ಲಿದ್ದಾರೆ.

ಉಳ್ಳಾಲದ ಪೊಡಿಯಬ್ಬರಿಗೂ ಪರದೇಶದ ಸೈನ್ಯಕ್ಕೂ ಎಲ್ಲಿಯ ನಂಟು ಎಂದು ಯಾರಿಗಾದರೂ ಕುತೂಹಲವಾಗದೆ ಇರದು. ಅವರಿಗೇ ಅದು ತಮಾಷೆ. "ನಾನು ಮಿಲಿಟ್ರಿ ಅಂತ ನೋಡಿದ್ದು ಶಾಲೆಯ ಎನ್‌ಸಿಸಿ ಮಾತ್ರ ಮಾರಾಯ್ರೇ. ಅದೂ ಮೈದಾನದ ಹೊರಗೆ ನಿಂತು. ಅವ್ರು ಕೊಡ್ತಿದ್ದ ಇಡ್ಲಿ ಮೇಲೆ ನನ್ನ ಕಣ್ಣು" ಎಂದು ನಗುತ್ತಾರೆ.

ಕಂಪನಿಯಲ್ಲಿ ಹತ್ತೊಂಬತ್ತು ದೇಶಗಳ ಸಾವಿರದ ಮುನ್ನೂರ ನಲವತ್ತು ಜನರಿದ್ದಾರೆ. ಕೆಲವು ದೇಶಗಳಲ್ಲಿ ಗಂಡಸರು ಕಡ್ಡಾಯವಾಗಿ ಸೈನ್ಯದಲ್ಲಿ ದುಡಿಯಬೇಕು. ಇನ್ನು ಕೆಲವರು ಮೀಸಲು ಪಡೆಯವರು, ಕರೆ ಬಂದಾಗ ಹೊರಡಬೇಕು. ಅಂಥವರಿಗೆ ಈ ಕಂಪನಿ ಸೈನ್ಯದ ರಜೆ ಕೊಡುತ್ತದೆ. ಸಂಬಳ ನಿಲ್ಲುತ್ತದೆ, ಕೆಲಸ ಕಾದಿರುತ್ತದೆ. ಹೆಂಡತಿ ಮಕ್ಕಳು ಇಲ್ಲೇ ಕ್ವಾರ್ಟರ್ಸಿನಲ್ಲಿ ಉಳಿದರೆ ಅವರ ಆಸ್ಪತ್ರೆ ಖರ್ಚು, ಹಲ್ಲಿನ ಖರ್ಚು ಎಲ್ಲವೂ ಮೊದಲಿನಂತೆಯೇ ವಿಮೆಯಲ್ಲಿ ನಡೆಯುತ್ತದೆ. ನಡೆಯಬೇಕು ಎನ್ನುವುದು ನಿಯಮ. ನಡೆಯುವಂತೆ ನೋಡಿಕೊಳ್ಳುವುದು ಪೊಡಿಯಬ್ಬರ ಪಾಲಿಗೆ ಬಂದಿದೆ. ಹನ್ನೊಂದು ವರ್ಷಗಳಲ್ಲಿ ಅರವತ್ತಮೂರು ಜನರನ್ನು ಹೀಗೆ ಕಳುಹಿಸಿಕೊಟ್ಟಿದ್ದಾರೆ.

ಕಳುಹಿಸುವಾಗ ಅವರದ್ದೊಂದು ವಿಚಿತ್ರ ಪದ್ಧತಿ. ಗಂಡ ವಿಮಾನ ಹತ್ತಿದ ವಾರದೊಳಗೆ ಹೆಂಡತಿ ಹಲ್ಲಿನ ಡಾಕ್ಟರ ಬಳಿ ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲೇಬೇಕು. ಹಲ್ಲು ನೋವಿರಲಿ, ಇಲ್ಲದಿರಲಿ. ಅಪಾಯಿಂಟ್‌ಮೆಂಟನ್ನು ಪೊಡಿಯಬ್ಬರೇ ಮಾಡಿಸುತ್ತಾರೆ. ಮತ್ತೆ ಪ್ರತಿ ವರ್ಷ ವಿಮೆ ನವೀಕರಣವಾದಾಗಲೂ ಇನ್ನೊಂದು ಸುತ್ತು. ಸಂಬಳದ ವಿಭಾಗದ ಸುಜಿತ್, ಕಾಪುವಿನ ಮೂವತ್ತರ ಯುವಕ, ಇದನ್ನು ಕಂಡು ನಕ್ಕದ್ದೇ ನಕ್ಕದ್ದು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯ್ತಲ್ಲ ಕಾಕಾ! ಗಂಡ ಗನ್ ಹಿಡಿಯುವುದು, ಹೆಂಡ್ತಿ ಬಾಯಿ ತೆರೆಯುವುದು!"

ಇದು ಎಲ್ಲಿಂದ ಬಂತು ಎಂದು ಕೇಳಿದರೆ ಪೊಡಿಯಬ್ಬ ಮೊದಲು ಚಹಾ ತರಿಸುತ್ತಾರೆ. ಚಹಾ ಅವರ ಹಳೆಯ ಕಸುಬು. ಮೂವತ್ತು ವರ್ಷಗಳ ಹಿಂದೆ ಈ ಕಂಪನಿಗೆ ಬಂದದ್ದು ಕಚೇರಿಯಲ್ಲಿ ಚಹಾ ಹಂಚಲು. ಹತ್ತನೆಯ ತರಗತಿ ಅರ್ಧಕ್ಕೆ ಬಿಟ್ಟವರು. ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಆಗ ವಿಮೆಯ ಕಾರ್ಡುಗಳು ಕಾಗದದವು. ಅವನ್ನು ಲಕೋಟೆಯಲ್ಲಿ ಹಾಕಿ ಕೆಲಸಗಾರರ ಶಿಬಿರದಿಂದ ಶಿಬಿರಕ್ಕೆ ತಲುಪಿಸುವ ಕೆಲಸ ಚಹಾದವನ ಮೇಲೆ ಬಿತ್ತು. ಕಾರ್ಡು ಹಂಚುತ್ತಾ ಹೆಸರು ಕಲಿತರು, ಹೆಸರು ಕಲಿಯುತ್ತಾ ಭಾಷೆ. ಹಳೆಯ ಗುಮಾಸ್ತರು ಊರಿಗೆ ಹೋದವರು ತಿರುಗಿ ಬರಲಿಲ್ಲ, ಕುರ್ಚಿ ಇವರದಾಯಿತು. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಮಾತ್ರ ಇಂದಿಗೂ ಅವರ ಉದ್ಯೋಗ 'ಕಾರ್ಮಿಕ' ಎಂದೇ ಇದೆ. ಬದಲಿಸಿಕೊಳ್ಳಬಾರದೇ ಎಂದರೆ, "ಸುಳ್ಳೇನಲ್ಲವಲ್ಲ" ಎನ್ನುತ್ತಾರೆ.

ಚಹಾ ಬಂದ ಮೇಲೆ ಮಾತು ಮೆತ್ತಗಾಗುತ್ತದೆ. ಸೈನ್ಯದ ರಜೆ ಶುರುವಾದ ಮೊದಲ ವರ್ಷ. ಟರ್ಕಿಯ ವೆಲ್ಡರ್ ಒಬ್ಬರು ಸೇವೆಗೆ ಹೋದರು. ಪೊಡಿಯಬ್ಬ ನಿಯಮದಂತೆ ಹೆಂಡತಿ, ಮಗಳ ಹೆಸರನ್ನು ಪಟ್ಟಿಯಲ್ಲಿ ಉಳಿಸಿದರು. ಎಲ್ಲ ಸರಿಯಿತ್ತು. ಎರಡು ತಿಂಗಳಾದ ಮೇಲೆ ಆರು ವರ್ಷದ ಮಗಳು ಜೋಕಾಲಿಯಿಂದ ಬಿದ್ದು ಮೊಣಕೈ ಮುರಿದುಕೊಂಡಳು. ಆಸ್ಪತ್ರೆಯವರು ಮಗುವನ್ನು ಒಳಗೆ ಕರೆದುಕೊಂಡು ಕಟ್ಟು ಹಾಕಿದರು. ಆಪರೇಷನ್ನಿಗೆ ವಿಮೆಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆಗೆ ಫೋನಿಗೆ ಬರುವ ನಾಲ್ಕಂಕಿಯ ಸಂಖ್ಯೆಯನ್ನು ಕೌಂಟರಿನಲ್ಲಿ ಹೇಳಬೇಕು. ಸಂಖ್ಯೆ ಬಂತು. ಬಂದದ್ದು ಗಂಡನ ಫೋನಿಗೆ. ಆ ಫೋನು ಟರ್ಕಿಯ ಯಾವುದೋ ಸೈನಿಕ ಶಿಬಿರದ ಕಪಾಟಿನಲ್ಲಿ, ಬೀಗದ ಒಳಗೆ.

"ಆ ತಾಯಿಗೆ ಟರ್ಕಿ ಭಾಷೆ ಬಿಟ್ರೆ ಬೇರೆ ಬರುದಿಲ್ಲ. ಐದು ಗಂಟೆ ಅಲ್ಲಿ ಕೂತಿದ್ದಾರೆ. ನಮ್ಮ ಆಫೀಸಿನ ನಂಬರ್ ಅವ್ರ ಹತ್ರ ಇಲ್ಲ, ಅವ್ರ ನಂಬರ್ ನಮ್ಮ ಹತ್ರ ಇಲ್ಲ. ಆಪರೇಷನ್ ಆದದ್ದು ಮರುದಿನ."

ಆ ಹುಡುಗಿಯ ಕೈ ಇಂದಿಗೂ ಪೂರ್ತಿ ನೇರವಾಗುವುದಿಲ್ಲ. ತಡವಾದದ್ದರಿಂದಲೇ ಹಾಗಾಯಿತೆಂದು ಯಾವ ಡಾಕ್ಟರೂ ಹೇಳಿಲ್ಲ. ಪೊಡಿಯಬ್ಬರಿಗೆ ಡಾಕ್ಟರು ಹೇಳಬೇಕಾಗಿಲ್ಲ.

ತಪ್ಪು ಯಾರದು? ಕೇಳುವ ಮೊದಲೇ ಅವರು ತಮ್ಮ ಎದೆಗೆ ಬೆರಳು ಮಾಡುತ್ತಾರೆ. ಫಾರಮಿನಲ್ಲಿ 'ಕುಟುಂಬದ ಫೋನ್' ಎಂಬ ಕಾಲಂ ಇದ್ದೇ ಇತ್ತು. ಎಲ್ಲ ಗಂಡಸರೂ ಅಲ್ಲಿ ತಮ್ಮದೇ ನಂಬರು ಬರೆಯುತ್ತಿದ್ದರು. ಅರಬರೂ ಹಾಗೆಯೇ, ಪಾಕಿಸ್ತಾನದವರೂ ಹಾಗೆಯೇ, ನಮ್ಮ ಮಂಗಳೂರಿನವರೂ ಹಾಗೆಯೇ. ಅದು ಪೊಡಿಯಬ್ಬರ ಕಣ್ಣಿಗೆ ಬಿದ್ದಿತ್ತು. ಆದರೂ ಬಾಯಿ ಬಿಡಲಿಲ್ಲ. "ಇನ್ನೊಬ್ಬನ ಹೆಂಡ್ತಿಯ ನಂಬರ್ ಕೇಳುದಾ? ಮರ್ಯಾದೆ ಅಂತ ಉಂಟಲ್ಲ. ನನ್ನ ಹೆಂಡ್ತಿ ರುಖಿಯಮ್ಮನ ನಂಬರನ್ನೇ ನಾನು ಇಷ್ಟು ವರ್ಷ ಯಾರಿಗೂ ಕೊಟ್ಟವನಲ್ಲ. ನಾನು ಮರ್ಯಾದೆ ಉಳಿಸಿದೆ. ಆ ಮಗುವಿನ ಕೈ ಹೋಯ್ತು."

ಇದಾದ ಮೇಲೆ ಅವರು ಒಂದು ಉಪಾಯ ಕಂಡುಕೊಂಡರು. ಸೈನ್ಯಕ್ಕೆ ಹೊರಟವನನ್ನು ಎದುರಿಗೆ ಕೂರಿಸಿ, ಅವನ ಫೋನಿನಿಂದಲೇ ಹೆಂಡತಿಗೆ ಕರೆ ಮಾಡಿಸುತ್ತಾರೆ. ಗಂಡ ಪಕ್ಕದಲ್ಲೇ ಇರುವಾಗ ಸಲಾಂ ಹೇಳಿ, ತಾನು ವಿಮೆಯ ಪೊಡಿಯಬ್ಬನೆಂದು ಪರಿಚಯ ಹೇಳಿಕೊಂಡು, ಅವಳ ನಂಬರನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಾರೆ. ಕೆಲವರು ಮುಖ ಸಿಂಡರಿಸುತ್ತಾರೆ, ಒಬ್ಬ ಎದ್ದು ಹೋದದ್ದೂ ಉಂಟು. ಪೊಡಿಯಬ್ಬ ಹೊರಗೆ ಹೋಗಿ ಅವನನ್ನು ಕೈಹಿಡಿದು ಕರೆತಂದರು.

ನಂಬರು ಸಿಕ್ಕಿತು, ಕಂಪ್ಯೂಟರಿಗೆ ಹಾಕಿದ್ದಾಯಿತು. ಅಷ್ಟಕ್ಕೆ ನಂಬುವುದು ಹೇಗೆ? ಟರ್ಕಿಯ ಆ ತಾಯಿಯ ಹೆಸರಿನ ಮುಂದೆಯೂ ವಿಮೆ ಚಾಲ್ತಿಯಲ್ಲಿದೆ ಎಂಬ ಹಸಿರು ಗುರುತು ಇದ್ದೇ ಇತ್ತಲ್ಲ. ಪರೀಕ್ಷೆ ಮಾಡಬೇಕು. ಹೆರಿಗೆಯನ್ನೋ ಅಪೆಂಡಿಕ್ಸನ್ನೋ ಪರೀಕ್ಷೆಗೆಂದು ಮಾಡಿಸಲಾಗುವುದಿಲ್ಲ. ಒಪ್ಪಿಗೆಯ ಸಂಖ್ಯೆ ಬೇಕಾಗುವ, ಆದರೆ ಸಿಗದಿದ್ದರೂ ಯಾರಿಗೂ ತೊಂದರೆಯಾಗದ ಒಂದೇ ಕೆಲಸ ಅವರಿಗೆ ಹೊಳೆದದ್ದು ಹಲ್ಲು ಕ್ಲೀನಿಂಗ್. "ಹಲ್ಲಿನ ಪಾಚಿ ನಾಳೆ ತೆಗೆದ್ರೂ ಆಗ್ತದೆ. ಹೊಟ್ಟೆಯ ಮಗು ನಾಳೆ ಬರ್ತೇನೆ ಅಂತ ಹೇಳ್ತದಾ?"

ಈ ಭಾನುವಾರದ ಬೆಳಗ್ಗೆ ಅವರ ಬೆರಳು ಹೆಚ್ಚು ಹೊತ್ತು ನಿಲ್ಲುವುದು ಮೂರನೆಯ ಹೆಸರಿನ ಮೇಲೆ. ಹಿಶಾಮ್, ಈಜಿಪ್ಟಿನ ತಂತ್ರಜ್ಞ. ಐದು ತಿಂಗಳಿಂದ ಸೈನ್ಯದಲ್ಲಿದ್ದಾನೆ. ಹೆಂಡತಿ ಶಹಲಾ ಇಲ್ಲೇ ಇದ್ದಾಳೆ, ಚೊಚ್ಚಲ ಬಸುರಿ. ಹೆರಿಗೆಗೆ ಇನ್ನು ಮೂರು ವಾರ. ಕಳೆದ ಗುರುವಾರವಷ್ಟೇ ಕಂಪನಿಯ ವಿಮೆ ನವೀಕರಣವಾಗಿ, ಸುಜಿತ್ ತಯಾರಿಸಿದ ಹೊಸ ಪಟ್ಟಿ ವಿಮಾ ಕಂಪನಿಗೆ ಹೋಗಿದೆ. ಪರದೆಯ ಮೇಲೆ ಶಹಲಾಳ ಹೆಸರಿನ ಮುಂದೆ ಹಸಿರು ಗುರುತಿದೆ. "ಹಸಿರು ಉಂಟಲ್ಲ ಕಾಕಾ, ಮತ್ತೆಂತ ಟೆನ್ಶನ್?" ಎಂದು ಏಳು ಗಂಟೆಗೆ ಬಂದ ಸುಜಿತ್ ಕೇಳುತ್ತಾನೆ. ಪೊಡಿಯಬ್ಬ ಗಡಿಯಾರ ನೋಡುತ್ತಾರೆ. ಎಂಟೂವರೆಗೆ ಶಹಲಾಳಿಗೆ ಹಲ್ಲಿನ ಅಪಾಯಿಂಟ್‌ಮೆಂಟ್ ಇದೆ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಫೋನು ಬರುತ್ತದೆ, ಕ್ಲಿನಿಕ್ಕಿನ ಕೌಂಟರಿನಿಂದ. ಕಾರ್ಡು ಸರಿ ಇದೆ, ಸಂಖ್ಯೆ ಕಳುಹಿಸಿದ್ದಾಗಿದೆ, ಆದರೆ ರೋಗಿಯ ಫೋನಿಗೆ ಏನೂ ಬಂದಿಲ್ಲ. ಫೋನ್ ಇಟ್ಟ ಪೊಡಿಯಬ್ಬ ಸುಜಿತನ ಮೇಜಿನತ್ತ ಹೆಚ್ಚುಕಡಿಮೆ ಓಡುತ್ತಾರೆ. ಐವತ್ತೆಂಟರ ಮೊಣಕಾಲು ಮೇಜಿನ ಮೂಲೆಗೆ ಬಡಿಯುತ್ತದೆ, ಗಮನವಿಲ್ಲ. "ಹೊಸ ಪಟ್ಟಿ ನೀನು ಎಲ್ಲಿಂದ ತೆಗೆದದ್ದು ಮಾರಾಯಾ?"

ಸುಜಿತ್ ಸಂಬಳದ ಮೂಲ ಪಟ್ಟಿಯಿಂದ ತೆಗೆದಿದ್ದಾನೆ. ಅದು ಅವನ ತಪ್ಪಲ್ಲ, ಈ ಸಲ ಮೇಲಿನವರ ಆದೇಶ ಹಾಗಿತ್ತು. ಆದರೆ ಸಂಬಳದ ಪಟ್ಟಿಯಲ್ಲಿ ಮನೆಗೊಂದೇ ಫೋನು, ಸಂಬಳ ಪಡೆಯುವವನದು. ಪೊಡಿಯಬ್ಬ ಒಂದೊಂದಾಗಿ ಕೇಳಿ ಬರೆದುಕೊಂಡ ಹೆಂಡತಿಯರ ನಂಬರುಗಳೆಲ್ಲ ಗುರುವಾರ ಸಂಜೆ ಒಂದೇ ಏಟಿಗೆ ಅಳಿಸಿಹೋಗಿ, ಗಂಡಂದಿರ ನಂಬರುಗಳು ಮರಳಿ ಕೂತಿವೆ. ಶಹಲಾಳ ನಾಲ್ಕಂಕಿ ಈಜಿಪ್ಟಿನ ಯಾವುದೋ ಶಿಬಿರಕ್ಕೆ ಹೋಗಿ ಬಿದ್ದಿದೆ. ಏಳೂ ಮನೆಗಳದ್ದು ಇದೇ ಕಥೆ, ಪರದೆಯ ಮೇಲೆ ಏಳೂ ಹಸಿರು.

ಸುಜಿತ್‌ಗೆ ಈಗ ನಗು ಬರುವುದಿಲ್ಲ. "ಮೂರು ವಾರ ಬಿಟ್ಟು ಹೀಗಾಗಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸುತ್ತಾನೆ. ಪೊಡಿಯಬ್ಬ ಅವನ ಬೆನ್ನು ತಟ್ಟಿ, "ಯಲ್ಲಾ, ನಡಿ, ಅದನ್ನು ಮತ್ತೆ ಯೋಚನೆ ಮಾಡುವಾ. ಮೊದ್ಲು ಟೈಪ್ ಮಾಡು" ಎನ್ನುತ್ತಾರೆ. ಮೇಜಿನ ಖಾನೆಯಿಂದ ಒಂದು ಹಳೆಯ ಡೈರಿ ಹೊರಬರುತ್ತದೆ. ಏಳು ಹೆಂಗಸರ ನಂಬರುಗಳು ಅದರಲ್ಲಿವೆ, ಹೆಸರಿಲ್ಲದೆ. 'ಹಿಶಾಮನ ಮನೆ', 'ಕ್ರೇನಿನವನ ಮನೆ' ಎಂದಷ್ಟೇ ಬರೆದಿದೆ, ಮರ್ಯಾದೆ ಪೂರ್ತಿ ಬಿಟ್ಟಿಲ್ಲ. ಇವರು ಓದುತ್ತಾರೆ, ಅವನು ಒತ್ತುತ್ತಾನೆ. ವಿಮಾ ಕಂಪನಿಗೆ ಮೂರು ಸಲ ಫೋನ್ ಹೋಗುತ್ತದೆ. ಅರಬಿಯಲ್ಲಿ ಬೇಡಿಕೊಳ್ಳುತ್ತಾರೆ, ಹಿಂದಿಯಲ್ಲಿ ಜೋರು ಮಾಡುತ್ತಾರೆ. ಇದು ಎಂಟು ತಿಂಗಳು ತುಂಬಿದ ಬಸುರಿಯ ವಿಷಯ ಎಂದು ಎರಡೂ ಭಾಷೆಯಲ್ಲಿ ಹೇಳುತ್ತಾರೆ. ಹತ್ತೂವರೆಗೆ ಶಹಲಾಳ ಫೋನಿಗೆ ಸಂಖ್ಯೆ ಬರುತ್ತದೆ. ಮಧ್ಯಾಹ್ನ ಮಸೀದಿಯ ಬಾಂಗ್ ಕೇಳುವ ಹೊತ್ತಿಗೆ ಉಳಿದ ಆರು ಮನೆಗಳದ್ದೂ ಸರಿಯಾಗಿದೆ.

ನಮಾಝ್ ಮುಗಿಸಿ ಬಂದವರು ಪೊಟ್ಟಣದಿಂದ ತಣ್ಣಗಾದ ಖುಬ್ಬೂಸ್ ರೊಟ್ಟಿ ಬಿಚ್ಚುವಾಗ ಮತ್ತೆ ಫೋನ್. ಈ ಸಲ ಶಹಲಾ. ಪೊಡಿಯಬ್ಬ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಾರೆ, ಆದರೂ ಆ ಕಡೆಯ ಅರಬಿ ಕೋಣೆಗೆಲ್ಲ ಕೇಳುತ್ತದೆ. ಇಷ್ಟು ದೊಡ್ಡ ಹೊಟ್ಟೆ ಹೊತ್ತು ಎರಡು ಗಂಟೆ ಕುರ್ಚಿಯಲ್ಲಿ ಕೂರಬೇಕಾಯಿತಂತೆ. ವಸಡಿನಲ್ಲಿ ರಕ್ತ ಬಂತಂತೆ. ತನ್ನ ಹಲ್ಲು ಚೆನ್ನಾಗಿಯೇ ಇತ್ತು, ಕ್ಲೀನಿಂಗ್ ಬೇಕೆಂದು ಯಾರು ಕೇಳಿದ್ದರಂತೆ. ಪೊಡಿಯಬ್ಬ ಮಗಳ ಮುಂದೆ ತಪ್ಪೊಪ್ಪಿಕೊಳ್ಳುವ ತಂದೆಯ ಹಾಗೆ "ಮಾಫಿ ಸಿಸ್ಟರ್, ಮಾಫಿ" ಎನ್ನುತ್ತಲೇ ಇದ್ದಾರೆ. ಅವಳು ಉಸಿರು ತೆಗೆದುಕೊಳ್ಳುವಾಗ ಒಂದೇ ಪ್ರಶ್ನೆ ಕೇಳುತ್ತಾರೆ. ಸಂಖ್ಯೆ ನಿಮ್ಮ ಫೋನಿಗೇ ಬಂತಲ್ಲ? ಬಂತು ಎಂದು ಸಿಡುಕಿ ಅವಳು ಫೋನಿಡುತ್ತಾಳೆ.

ಯಾಕೆ ಕಳುಹಿಸಿದ್ದೆಂದು ಅವಳಿಗೆ ಹೇಳಬಾರದಿತ್ತೇ ಎಂದರೆ ಅವರು ತಲೆಯಲ್ಲಾಡಿಸುತ್ತಾರೆ. ಗಂಡ ದೂರವಿರುವ ಬಸುರಿಗೆ ಅದನ್ನೆಲ್ಲ ಹೇಳಿ ಎದೆ ನಡುಗಿಸುವುದು ಯಾವ ನ್ಯಾಯ? ಬೈದು ಹಗುರಾಗಲಿ. ಹಾಗಾದರೆ ನಿಮ್ಮದೇ ಆಸೆಯೊಂದನ್ನು ಹೇಳಿ ಎಂದರೆ, ರೊಟ್ಟಿ ಮುರಿಯುತ್ತಾ ಹೇಳುತ್ತಾರೆ.

"ಇನ್ನು ಮೂರು ವಾರಕ್ಕೆ ಆ ಹುಡುಗಿ ಆಸ್ಪತ್ರೆಗೆ ಹೋಗ್ತಾಳಲ್ಲ, ಆ ದಿನ ಅವಳಿಗೆ ನನ್ನ ನೆನಪು ಬರ್ಬಾರ್ದು. ಗಂಡನ ನೆನಪು ಬರ್ಲಿ, ತಾಯಿ ನೆನಪು ಬರ್ಲಿ. ಇನ್ಶೂರೆನ್ಸಿನ ಪೊಡಿಯಬ್ಬ ನೆನಪಾದ್ರೆ ಎಲ್ಲೋ ಎಂತದೋ ಕೆಟ್ಟಿದೆ ಅಂತ ಲೆಕ್ಕ."