ಎರ್ಗಶ್ ಅಜ್ಜನ ಮೆಟ್ಟಿಲು

ಎರ್ಗಶ್ ಅಜ್ಜನಿಗೆ ಸಾನೋಬರ್ ಕೊಡಬೇಕಾದ ಮೆಟ್ಟಿಲು ಇನ್ನೂ ಬಾಕಿ ಇದೆ. ಅಜ್ಜ ಸತ್ತ ಮಾತ್ರಕ್ಕೆ ಬಾಕಿ ತೀರುವುದಿಲ್ಲ.

ತಾಷ್ಕೆಂಟಿನ ರೈಲು ನಿಲ್ದಾಣದ ಹಿಂದಿನ ಮಣ್ಣಿನ ಮನೆಗಳನ್ನು ಕೆಡವಿ ಒಂಬತ್ತಂತಸ್ತಿನ ವಸತಿ ಕಟ್ಟಲು ನಕ್ಷೆ ಹಾಕಿದವಳು ಅವಳು. ಅದೇ ಓಣಿಯಲ್ಲಿ ಹುಟ್ಟಿದವಳು. ಮನೆ ಬಿಡಲೊಲ್ಲದೆ ಕೂತಿದ್ದ ಅಜ್ಜ ಚಹಾ ಬಗ್ಗಿಸುತ್ತ ಕೇಳಿದ್ದ:

"ಆ ಪೆಟ್ಟಿಗೆಯಂಥ ಮನೇಲಿ ಸತ್ರೆ ನನ್ನ ಹೆಂಗವ್ವ ಇಳಿಸ್ತಾರೆ?"

"ಮಲಗಿಸ್ಕೊಂಡೇ ಇಳಿಸ್ತಾರಜ್ಜ. ಮೆಟ್ಟಿಲು ಅಗಲ ಇಡ್ತೀನಿ."

"ಹಂಗಾದ್ರೆ ಬರ್ತೀನಿ. ಸಾಯೋದು ಗ್ಯಾರಂಟಿ, ಮೆಟ್ಟಿಲೂ ಗ್ಯಾರಂಟಿ ಇರ್ಲಿ."

ಶವದ ಮಂಚ ಹೊತ್ತ ಗಂಡಸರು ಹೆಗಲು ಬದಲಿಸುತ್ತ ತಿರುಗಬಲ್ಲಷ್ಟು ಅಗಲ ಇಟ್ಟಳು. ಕಟ್ಟಡ ಕಂಪನಿಯ ಯಜಮಾನ ಬೊತಿರ್ ಅದರ ಮೇಲೆ ಕೆಂಪು ಗೆರೆ ಎಳೆದ. ಆ ಜಾಗ ನುಂಗಿದರೆ ಅಂತಸ್ತಿಗೊಂದು ಮನೆ ಹೆಚ್ಚು ಮಾರಬಹುದಿತ್ತು.

"ಲಿಫ್ಟ್ ಇಲ್ವೇನಮ್ಮ? ಹೆಣಕ್ಕೂ ರಾಜಬೀದಿ ಬೇಕಾ?"

"ಬೊತಿರಣ್ಣ, ಆ ಲಿಫ್ಟಲ್ಲಿ ಸೋಫಾನೇ ಹಿಡಿಯಲ್ಲ."

"ಸೋಫಾ ಬಿಚ್ಚಿ ಸಾಗಿಸ್ತಾರೆ ಬಿಡು."

ಮೆಟ್ಟಿಲು ಕಿರಿದು ಮಾಡಿದ ನಕ್ಷೆಗೆ ಸಾನೋಬರ್ ಸಹಿ ಹಾಕಿಬಿಟ್ಟಳು.

ಮೊದಲ ಚಳಿಗಾಲದಲ್ಲೇ ಏಳನೇ ಅಂತಸ್ತಿನಲ್ಲಿ ಅಜ್ಜ ತೀರಿಕೊಂಡ. ಖಾಲಿ ಮಂಚವನ್ನೇನೋ ನೆಟ್ಟಗೆ ನಿಲ್ಲಿಸಿ ಮೇಲೆ ತಂದಿದ್ದರು. ಹೆಣ ಹೊತ್ತ ಮಂಚ ಮೊದಲ ತಿರುವಿನಲ್ಲೇ ಗೋಡೆ ಕೆರೆದು ಸಿಕ್ಕಿಕೊಂಡಿತು. ಕೊನೆಗೆ ಇಬ್ಬರು ಮಕ್ಕಳು ಅಪ್ಪನನ್ನು ಚಾದರದಲ್ಲಿ ಸುತ್ತಿ, ಲಿಫ್ಟಿನಲ್ಲಿ ನಿಲ್ಲಿಸಿ ತಬ್ಬಿ ಹಿಡಿದರು. ನಾಲ್ಕನೇ ಅಂತಸ್ತಿನಲ್ಲಿ ಬಾಗಿಲು ತೆರೆಯಿತು. ಕಸದ ಬಕೆಟ್ ಹಿಡಿದವನೊಬ್ಬ "ಕೆಳಗಾ?" ಎಂದ. ಹಿರಿಮಗ "ಹೂಂ" ಎಂದ.

ಕೆಳಗೆ ಹೆಂಗಸರ ನಡುವೆ ಸಾನೋಬರ್ ನಿಂತಿದ್ದಳು. ಲಿಫ್ಟಿನಿಂದ ಹೊರಗೆಳೆಯುವಾಗ ಅಜ್ಜನ ಹಿಮ್ಮಡಿ ನೆಲಕ್ಕೆ ಉಜ್ಜಿತು. ಅಜ್ಜನ ಹೆಂಡತಿ ಅಳಲಿಲ್ಲ. "ಎಷ್ಟು ಓದಿದೀಯ ಮಗಳೇ ನೀನು?" ಎಂದು ಸಾನೋಬರ್ ಕಡೆ ತಿರುಗಿ ಕೇಳಿದಳು.

ಎರಡನೇ ಕಟ್ಟಡಕ್ಕೂ ಬೊತಿರ್ ಅದೇ ನಕ್ಷೆ ಮುಂದಿಟ್ಟ. "ಹಾಕು ಸಹಿ. ಲಕ್ಷಣವಾದ ನಕ್ಷೆ, ಒಂದು ಮನೇನೂ ಮಾರದೆ ಉಳೀಲಿಲ್ಲ."

"ನಿಮ್ಮಪ್ಪನ್ನ ಒಂದ್ಸಲ ಆ ಲಿಫ್ಟಲ್ಲಿ ಹಂಗೆ ನಿಲ್ಲಿಸಿ ತೋರ್ಸಿ, ಆಮೇಲೆ ಹಾಕ್ತೀನಿ."

ಕೆಲಸ ಹೋಯಿತು. ಸಹಿ ಹಾಕಲು ಇನ್ನೊಬ್ಬ ಸಿಕ್ಕ, ಪಾಯವೂ ಬಿದ್ದಿದೆ. ಸಾನೋಬರ್ ಈಗ ಮಾರಾಟದ ಕಚೇರಿಯ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಮೆಟ್ಟಿಲಿನ ಸಂಗತಿ ಹೇಳುತ್ತಾಳೆ. ಅವರೋ ಅಡುಗೆಮನೆಯ ಟೈಲ್ಸ್ ಸವರುತ್ತಾರೆ, ಬಾಲ್ಕನಿಗೆ ರೈಲಿನ ಸದ್ದು ಬರುತ್ತದೆಯೇ ಎಂದು ಕೇಳುತ್ತಾರೆ. ಥೂ.

ನಿಮ್ಮೂರ ಸ್ಟೇಷನ್ ಹಿಂದೆಯೂ ಓಣಿ ಕೆಡವಿ ಮಹಡಿ ಏಳಿಸುತ್ತಿದ್ದಾರೆ. ಮುಂಗಡ ಕೊಡುವ ಮೊದಲು ಮೆಟ್ಟಿಲಿನ ನಕ್ಷೆ ಬಿಚ್ಚಿಸಿ ನೋಡಿ. ಹೆಣದ ಮಂಚ ತಿರುಗದಿದ್ದರೆ ದುಡ್ಡು ಕೊಡಬೇಡಿ, ಎದ್ದು ಬನ್ನಿ.