ಚುಕ್ಕಿಯಕ್ಕ ತಿದ್ದದ ಸಾಲು

ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದ ಹೆಂಗಸು ಅವಳು. ಅದು ಬಾಗಿಲು ಹಾಕಿದ ಮೇಲೆ ಆಸ್ಪತ್ರೆಗಳ ಫೈಲು ತಪಾಸಣೆ ಮಾಡುವ ಕಚೇರಿಗೆ ಸೇರಿದಳು. ಒಂದು ಚುಕ್ಕಿ ಹೆಚ್ಚುಕಡಿಮೆಯಾದರೂ ಹಿಡಿಯುತ್ತಾಳೆಂದು ಅಲ್ಲಿಯವರು ಅವಳನ್ನು ಚುಕ್ಕಿಯಕ್ಕ ಎಂದೇ ಕರೆಯುತ್ತಿದ್ದರು.

ಶಸ್ತ್ರಚಿಕಿತ್ಸೆಗೆ ಕಾಯುವವರ ಪಟ್ಟಿಗಳು ತಿಂಗಳಿಗೊಮ್ಮೆ ಬರುತ್ತಿದ್ದವು. ಹೆಸರು, ವಯಸ್ಸು, ವಿಳಾಸ, ಪ್ರತಿಯೊಂದಕ್ಕೂ ಹಿಂದೆ ಮುಂದೆ ಉದ್ಧರಣ ಚಿಹ್ನೆ, ನಡುವೆ ಅಲ್ಪವಿರಾಮ. ಒಂದು ತಪ್ಪಿದರೂ, ಸರದಿ ಗೊತ್ತುಮಾಡುವ ಕೇಂದ್ರದ ಕಂಪ್ಯೂಟರ್ ಇಡೀ ಫೈಲನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ತಪ್ಪು ಎಲ್ಲಿದೆಯೆಂದು ಬರೆದು ವಾಪಸು ಕಳಿಸುವುದಷ್ಟೇ ಅವಳ ಕೆಲಸ, ತಿದ್ದುವ ಹಾಗಿಲ್ಲ. ಕೆಂಪು ಶಾಯಿ ಓಡಿಸಿ ಪಳಗಿದ ಕೈಗೆ ಅದೊಂದು ಶಿಕ್ಷೆಯೇ ಆಗಿತ್ತು.

ಆ ಸಲ ಕಣ್ಣಾಸ್ಪತ್ರೆಯ ಫೈಲು ಕೊನೆಯ ದಿನದ ಮಧ್ಯಾಹ್ನ ಬಂತು. ಅದರಲ್ಲಿ ಅವಳ ತಮ್ಮನೂ ಇದ್ದ. ಬಡಗಿ, ಎರಡೂ ಕಣ್ಣಿಗೆ ಪೊರೆ ಬಂದು, ಉಳಿ ಕೆಳಗಿಟ್ಟು ಎಂಟು ತಿಂಗಳಾಗಿತ್ತು. ಫೈಲನ್ನು ತಪಾಸಣೆಗೆ ಹಾಕಿದಳು. ಪರದೆಯ ಮೇಲೆ ಒಂದು ಸಾಲು ಕೆಂಪಾಯಿತು. ಯಾರದೋ ವಿಳಾಸದ ಕೊನೆಯಲ್ಲಿ ಉದ್ಧರಣ ಚಿಹ್ನೆ ಬಿಟ್ಟುಹೋಗಿತ್ತು.

ಫೋನ್ ಮಾಡಿದಳು. ಆಸ್ಪತ್ರೆಯ ಗುಮಾಸ್ತೆ ಪಾಪ, ಒಳ್ಳೆಯವಳೇ. ಫೈಲು ಮಾಡುವವರು ರಜೆಯಲ್ಲಿದ್ದಾರೆ, ತನಗೆ ಅದರ ತಲೆಬುಡ ತಿಳಿಯುವುದಿಲ್ಲ ಎಂದಳು. ಚುಕ್ಕಿಯಕ್ಕ ಎದ್ದು ಮೇಲಧಿಕಾರಿಯ ಮೇಜಿನ ಮುಂದೆ ನಿಂತಳು.

"ಒಂದೇ ಒಂದು ಚಿಹ್ನೆ ಸಾರ್. ನಾನೇ ಹಾಕಿಬಿಡ್ತೀನಿ."

ಅವನು ಕನ್ನಡಕ ತೆಗೆದು ಮುಖ ಒರೆಸಿಕೊಂಡ. "ಹೋದ ವರ್ಷ ಒಬ್ಬ ಹೀಗೇ ಹಾಕಿದ್ದನಮ್ಮ, ಜಾಗ ತಪ್ಪಿತ್ತು. ಇಬ್ಬರ ವಿವರ ಒಂದಾಗಿ, ಒಬ್ಬರಿಗೆ ಹಾಕೋ ಲೆನ್ಸ್ ಇನ್ನೊಬ್ಬರಿಗೆ ಹೋಯ್ತು. ನೀವು ತಪ್ಪು ಮಾಡ್ತೀರಿ ಅಂತಲ್ಲ. ಆದ್ರೂ ಬೇಡ."

ತಮ್ಮನ ವಿಷಯ ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ಆಸ್ಪತ್ರೆಗೆ ಇನ್ನೂ ನಾಲ್ಕು ಸಲ ಫೋನ್ ಮಾಡಿದಳು. ಐದು ಗಂಟೆಗೆ ಕೇಂದ್ರದವರು ಆ ತಿಂಗಳ ಪಟ್ಟಿ ಮುಚ್ಚಿದರು.

ಮನೆಯಲ್ಲಿ ತಮ್ಮ ನೆಲದ ಮೇಲೆ ಕೂತು, ಬೆರಳಲ್ಲಿ ತಡವಿ ಸ್ಕ್ರೂಗಳನ್ನು ಬೇರೆಮಾಡುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದಳು.

"ಚಿಹ್ನೆ ಎಲ್ಲಿ ಬಿಟ್ಟುಹೋಗಿತ್ತು ಅಂತ ನಿನಗೆ ಕಾಣಿಸ್ತಿತ್ತಾ ಅಕ್ಕ?"

"ಕಾಣಿಸ್ತಿತ್ತು ಕಣೋ."

ಅವನು ಇನ್ನೊಂದು ಸ್ಕ್ರೂ ತಡವಿ ಪಕ್ಕಕ್ಕಿಟ್ಟ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಕಣ್ಣಾಸ್ಪತ್ರೆಯ ಮುಂದಿನ ತಿಂಗಳ ಫೈಲಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಅಷ್ಟರಲ್ಲಿ ಬೇರೆ ಆಸ್ಪತ್ರೆಗಳ ಹೆಸರುಗಳು ಮುಂದೆ ಹೋಗಿ, ತಮ್ಮನ ಸರದಿ ಆರು ತಿಂಗಳು ಹಿಂದೆ ಬಿದ್ದಿತ್ತು. ಚುಕ್ಕಿಯಕ್ಕ 'ಸರಿಯಿದೆ' ಎಂದು ಬರೆದು ಕಳಿಸಿ, ಇನ್ನೊಂದು ಫೈಲು ತೆರೆದಳು.